ಮಾವನ ನೈದಿಲೆ, ಅಳಿಯನ ತೊಟ್ಟಿ

"ಈ ಚಳಿಗಾಲ ದಾಟಿ ಮಾವನವರ ನೈದಿಲೆ ಮೇ ತಿಂಗಳಲ್ಲಿ ಕಣ್ಣು ಬಿಡದಿದ್ರೆ ನನ್ನ ಹೆಸರು ಒತಕರ್ ಅಲ್ಲ!"

ಅಕ್ಟೋಬರಿನ ಮೂರನೆಯ ಭಾನುವಾರ, ಹುರಿದ ಬಾತುಕೋಳಿ, ಹುಳಿ ಎಲೆಕೋಸು, ಹಿಟ್ಟಿನ ಕಡುಬು ತುಂಬಿದ ತಟ್ಟೆಯ ಮುಂದೆ ಕುಳಿತು, ಚಾಕುವನ್ನು ಕತ್ತಿಯ ಹಾಗೆ ಮೇಲೆತ್ತಿ, ನಮ್ಮ ಒತಕರ್ ಈ ಭೀಷ್ಮಪ್ರತಿಜ್ಞೆ ಮಾಡಿದ. ಎದುರಿಗೆ ಕುಳಿತಿದ್ದವರು ಅವನ ಅತ್ತೆ ಯಾರ್ಮಿಲಾ. ಪಕ್ಕದಲ್ಲಿ ಹೆಂಡತಿ ಬ್ಲಾಂಕಾ, ಶಾಲೆಯಲ್ಲಿ ಭೂಗೋಳ ಪಾಠ ಹೇಳುವವಳು. ನದಿ ಸಾಗರಗಳ ಆಳವೆಲ್ಲ ಬಾಯಿಪಾಠ ಇದ್ದ ಅವಳಿಗೆ ಗಂಡನ ಕೊಳದ ಆಳವೂ ಚೆನ್ನಾಗಿ ಗೊತ್ತಿತ್ತು. ಆದ್ದರಿಂದ ಅವಳು ತಲೆ ತಗ್ಗಿಸಿ ಎಲೆಕೋಸನ್ನೇ ನೋಡುತ್ತಿದ್ದಳು.

ನೈದಿಲೆಯ ಕಥೆ ಸಣ್ಣದಲ್ಲ. ಅದನ್ನು ಮೂವತ್ತು ವರ್ಷ ಸಾಕಿದವರು ಅಲೋಯಿಸ್ ಮಾವ. ಬೊಹೀಮಿಯಾದ ದಕ್ಷಿಣದ ಆ ಊರಿನಲ್ಲಿ ಯಾರದೇ ತೋಟಕ್ಕೆ ಹೋಗಿ ಕೇಳಿ, "ಅಲೋಯಿಸ್ ಅವರ ಬಿಳಿ ನೈದಿಲೆಯಾ? ಸೂಪಿನ ತಟ್ಟೆಯಷ್ಟು ಅಗಲ ಅರಳ್ತಿತ್ತು" ಎನ್ನುತ್ತಾರೆ. ಎರಡು ವರ್ಷದ ಹಿಂದೆ ಮಾವ ತೀರಿಕೊಂಡರು. ಈ ವಸಂತದಲ್ಲಿ ಅತ್ತೆ ತೋಟ ಮಾರಿದರು. ಮಾರುವ ಮೊದಲು ಮಣ್ಣು, ಜಲ್ಲಿಕಲ್ಲು ತುಂಬಿ ನೈದಿಲೆ ನೆಟ್ಟಿದ್ದ ಬುಟ್ಟಿಯನ್ನು ಕೊಳದಿಂದ ಎತ್ತಿಸಿ ಅಳಿಯನ ಕೈಗಿಟ್ಟು, "ಅವರದು ಅಂತ ಉಳಿದಿರೋದು ಇದೊಂದೇ. ನೋಡ್ಕೋ" ಎಂದರು. ಇಪ್ಪತ್ತೆರಡು ವರ್ಷದ ದಾಂಪತ್ಯದಲ್ಲಿ ಅತ್ತೆ ಅವನನ್ನು ನಂಬಿ ಕೊಟ್ಟ ಮೊದಲನೆಯ ವಸ್ತು ಅದು. ಮಗಳನ್ನೇ ಕೊಟ್ಟರಲ್ಲ ಎನ್ನಬೇಡಿ. ಅದು ನಂಬಿ ಕೊಟ್ಟದ್ದಲ್ಲ, ಅವಳೇ ಹಟ ಹಿಡಿದು ಬಂದದ್ದು!

ಬೇಸಿಗೆಯಲ್ಲಿ ಒಂಬತ್ತು ಹೂ ಬಿಟ್ಟಿತು. ಒತಕರ್ ಕೆಲಸ ಮಾಡುವುದು ಲಿಫ್ಟು ರಿಪೇರಿ ಕಂಪನಿಯಲ್ಲಿ. ಆ ಮೂರು ತಿಂಗಳು ಊರಿನ ಯಾವ ಲಿಫ್ಟಿನಲ್ಲಿ ಸಿಕ್ಕಿಕೊಂಡವರೂ ಹೊರಗೆ ಬರುವ ಮೊದಲು ನೈದಿಲೆಯ ಫೋಟೋ ನೋಡಲೇಬೇಕಾಗಿತ್ತು.

"ಹೂ ಬಿಡಿಸೋದು ದೊಡ್ಡದಲ್ಲಪ್ಪ, ಚಳಿಗಾಲ ದಾಟಿಸೋದು ದೊಡ್ಡದು" ಎಂದರು ಅತ್ತೆ ಊಟದ ಮೇಜಿನಲ್ಲಿ. "ನಿನ್ನ ಕೊಳ ಎಷ್ಟು ಆಳ ಅಂದೆ?"

"ಒಂದು ಮೀಟರ್ ಇಪ್ಪತ್ತು, ಅತ್ತೆ! ಸೈಬೀರಿಯಾದ ಚಳಿ ಬಂದ್ರೂ ತಳದಲ್ಲಿ ಬೆಚ್ಚಗೆ ಮಲಗಿರುತ್ತೆ!"

ಅತ್ತೆ ಅವನನ್ನು ಒಂದು ಕ್ಷಣ ದಿಟ್ಟಿಸಿ ನೋಡಿ, "ಸರಿ, ನೋಡೋಣ" ಎಂದು ಇನ್ನೊಂದು ಕಡುಬು ಬಡಿಸಿದರು.

ನಿಜ ಏನೆಂದರೆ, ಕೊಳದ ಆಳ ಐವತ್ತು ಸೆಂಟಿಮೀಟರ್. ಎರಡು ವರ್ಷದ ಹಿಂದೆ ಊರಾಚೆಯ ತನ್ನ ಕೈತೋಟದಲ್ಲಿ ಒತಕರ್ ಅಗೆಯಲು ಶುರು ಮಾಡಿದಾಗ ಐವತ್ತಕ್ಕೇ ಕೆಳಗೆ ಹಾಸುಬಂಡೆ ಠಣ್ ಎಂದಿತು. ಗುದ್ದಲಿ ಅಲ್ಲಿಗೆ ನಿಂತಿತು. ಬಾಯಿ ಮಾತ್ರ ಅಗೆಯುತ್ತ ಮುಂದುವರಿದು ಒಂದು ಮೀಟರ್ ಇಪ್ಪತ್ತಕ್ಕೆ ಹೋಗಿ ನಿಂತಿತು!

ನೈದಿಲೆಯನ್ನು ಚಳಿಗಾಲಕ್ಕೆ ಸಿದ್ಧ ಮಾಡುವುದರಲ್ಲಿ ಇರುವುದು ಮೂರು ಕೆಲಸ. ಹಳದಿಯಾದ ಎಲೆಗಳನ್ನು ಕತ್ತರಿಸುವುದು, ಕೊಳೆತ ದಂಟು ತೆಗೆಯುವುದು, ಆಮೇಲೆ ಬುಟ್ಟಿಯನ್ನು ಮಂಜುಗಡ್ಡೆ ಮುಟ್ಟದ ಆಳಕ್ಕೆ ಇಳಿಸುವುದು. ಮೊದಲೆರಡನ್ನು ಒತಕರ್ ರಾಜಗಾಂಭೀರ್ಯದಿಂದ ಮಾಡಿದ. ಮೂರನೆಯದಕ್ಕೆ ಉದ್ದದ ರಬ್ಬರ್ ಬೂಟು ಹಾಕಿಕೊಂಡು ಕೊಳಕ್ಕೆ ಇಳಿದು ನಿಂತ. ನೀರು ಮೊಣಕಾಲಿಗೆ ಬಂದು ಅಲ್ಲಿಗೇ ನಿಂತಿತು. ಜನವರಿಯಲ್ಲಿ ಇದು ತಳದವರೆಗೆ ಒಂದೇ ಗಡ್ಡೆಯಾಗುವುದು ಖಂಡಿತ. ಇಳಿಸುವುದಾದರೂ ಎಲ್ಲಿಗೆ? ಹಾಗೆ ಯೋಚಿಸುತ್ತಿರುವಾಗಲೇ ಬೇಲಿಯ ಆಚೆ ಬೆತ್ತದ ಕುರ್ಚಿ ಕಿರುಗುಟ್ಟಿತು. ಪಕ್ಕದ ತೋಟದ ಹಿನೆಕ್! ಅವನ ಕಿವಿಗೆ ಬಿದ್ದ ಸುದ್ದಿ ಸಂಜೆಯೊಳಗೆ ಆ ಕೈತೋಟಗಳ ಕಾಲೊನಿಯ ಎಲ್ಲ ಗೇಟುಗಳನ್ನು ದಾಟುತ್ತಿತ್ತು.

ಹಿನೆಕ್‌ನ ಟೋಪಿ ಬೇಲಿಯ ಮೇಲೆ ಕಾಣಿಸಿದ್ದೇ ತಡ, ಒತಕರ್ ದಬಕ್ಕನೆ ನೀರಿನಲ್ಲಿ ಮಂಡಿಯೂರಿದ.

"ಏನೋ ಒತಾ, ನೈದಿಲೆ ಮಲಗಿಸ್ತಿದ್ದೀಯಾ?"

"ಹೂಂ ಕಣೋ!"

"ಸೊಂಟದ ಮಟ್ಟಕ್ಕೇ ಇದೆಯಲ್ಲೋ ನೀರು! ಒಂದು ಮೀಟರ್ ಇಪ್ಪತ್ತು ಅಂತಿದ್ದೆ?"

"ಇದು ಅಂಚು ಮಾರಾಯ, ಅಂಚು! ನಡುವೆ ಇದೆ ಆಳ!"

"ಹೌದಾ? ಹೋಗು ನೋಡೋಣ ನಡುವಿಗೆ."

ಈಗ ಏನು ಮಾಡುವುದು? ಒತಕರ್ ಮಂಡಿಯ ಮೇಲೆಯೇ ಎರಡು ಹೆಜ್ಜೆ ತೆವಳಿ, ನಡುವಿನಲ್ಲಿ ಕಾಲು ಮಡಚಿ ಕುಳಿತೇಬಿಟ್ಟ. ಕಪ್ಪು ನೀರು ಎದೆಯವರೆಗೆ ಬಂತು. ಬೂಟಿನೊಳಕ್ಕೆ ಅಕ್ಟೋಬರ್ ತಿಂಗಳು ಪೂರ್ತಿಯಾಗಿ ಇಳಿಯಿತು.

"ಅಬ್ಬಬ್ಬಾ!" ಎಂದ ಹಿನೆಕ್. "ಎದೆಮಟ್ಟ! ನಿಜವಾಗ್ಲೂ ಹೊಟ್ಟೆಕಿಚ್ಚಾಗುತ್ತೆ ಕಣೋ. ಒಬ್ಬನೇ ಅಗೆದೆಯಾ?"

"ಒ-ಒ-ಒಬ್ಬನೇ!" ಹಲ್ಲು ಕಟಕಟ ಎನ್ನುತ್ತಿದ್ದರೂ ಹೆಮ್ಮೆಯಿಂದ ಎದೆ ಉಬ್ಬಿ, ನೀರು ಇನ್ನೆರಡು ಬೆರಳು ಮೇಲೇರಿತು. ಹಿನೆಕ್ ಅಷ್ಟಕ್ಕೇ ಹೋಗುವವನಲ್ಲ. ತನ್ನ ಸೇಬಿನ ಫಸಲು, ಮಂಡಿ ಆಪರೇಷನ್ನು, ಸೊಸೆಯ ಅಡುಗೆ, ಮೂರನ್ನೂ ವಿವರವಾಗಿ ಹೇಳಿದ. ಒತಕರ್ ಕುಳಿತಲ್ಲಿಂದಲೇ "ಹೌದಾ? ಛೆ, ಪಾಪ" ಎನ್ನುತ್ತಿದ್ದ. ಅವನು ಹೋಗುವ ಹೊತ್ತಿಗೆ ಒತಕರ್‌ಗೆ ಸೊಂಟದಿಂದ ಕೆಳಗೆ ತನ್ನದು ಅಂತ ಏನಾದರೂ ಇದೆಯೇ ಎಂಬ ಸಂಶಯ ಬಂದಿತ್ತು.

ಹಿನೆಕ್ ಮರೆಯಾದ ಕೂಡಲೇ ಬುಟ್ಟಿ ಕಾರಿನ ಡಿಕ್ಕಿಗೆ ಏರಿತು. ಜೊತೆಗೆ ಹನ್ನೆರಡು ಕ್ಯಾನು ಕೊಳದ ನೀರು, ಗಿಡಕ್ಕೆ ಜಾಗ ಬದಲಾದದ್ದು ಗೊತ್ತಾಗಬಾರದಲ್ಲ! ಊರಿನ ಲಿಫ್ಟುಗಳನ್ನೆಲ್ಲ ಮೇಲೆ ಕೆಳಗೆ ಓಡಾಡಿಸುವ ಮಹಾಶಯನ ಸ್ವಂತ ಕಟ್ಟಡದ ಲಿಫ್ಟು ಅಂದು ಕೆಟ್ಟಿತ್ತು. ಐದನೆಯ ಮಹಡಿಗೆ ಗಂಗೆಯನ್ನು ಹತ್ತಿಸುವ ಆ ಭಗೀರಥ ಪ್ರಯತ್ನ ಮುಗಿದಾಗ ಬಾಗಿಲಲ್ಲಿ ಬ್ಲಾಂಕಾ ನಿಂತಿದ್ದಳು.

"ಏನಿದು?"

"ಅತಿಥಿ."

"ಎಲ್ಲಿರುತ್ತೆ?"

"ಸ್ನಾನದ ತೊಟ್ಟೀಲಿ."

"ಎಷ್ಟು ದಿನ?"

"ಏಪ್ರಿಲ್‌ವರೆಗೆ."

ಬ್ಲಾಂಕಾ ಭೂಪಟದಲ್ಲಿ ಊರು ಹುಡುಕುವ ಹಾಗೆ ಬುಟ್ಟಿಗೆ ಬೇರೆ ಜಾಗ ಹುಡುಕತೊಡಗಿದಳು. "ನೆಲಮಾಳಿಗೇಲಿ ಇಡು."

"ಅಲ್ಲಿ ಬಿಸಿನೀರಿನ ಪೈಪು ಹೋಗುತ್ತೆ, ಕುದ್ದುಹೋಗುತ್ತೆ."

"ಬಾಲ್ಕನೀಲಿಡು."

"ಅಲ್ಲಿ ಹೆಪ್ಪುಗಟ್ಟುತ್ತೆ."

"ಹಾಗಾದ್ರೆ ನಾನು ಸ್ನಾನ ಎಲ್ಲಿ ಮಾಡ್ಲಿ?"

"ಈಜುಕೊಳಕ್ಕೆ ಹೋಗು ಬ್ಲಾಂಕಾ! ಮೈಗೂ ಒಳ್ಳೇದು, ಮನಸ್ಸಿಗೂ ಒಳ್ಳೇದು!"

"ಒತಾ, ಅಮ್ಮನಿಗೆ ಕೊಳ ಮೊಣಕಾಲುದ್ದ ಅಂತ ಹೇಳ್ಬಿಡು. ಅವಳೇನು ನುಂಗಿಬಿಡ್ತಾಳಾ?"

"ಪ್ರಾಣ ಹೋದ್ರೂ ಹೇಳಲ್ಲ! ಮಾವ ಮೂವತ್ತು ಚಳಿಗಾಲ ದಾಟಿಸಿದ್ದು. ನಾನು ಒಂದನ್ನ ದಾಟಿಸಲಾರೆನಾ?"

ಎರಡು ವಾರ ಎಲ್ಲ ಸುಸೂತ್ರವಾಗಿತ್ತು. ಮೂರನೆಯ ವಾರ ಹಲ್ಲುಜ್ಜಲು ಹೋದ ಒತಕರ್ ಕಿಟಾರನೆ ಕಿರುಚಿದ. ತೊಟ್ಟಿಯಲ್ಲಿ ಮೂರು ಕೆಂಪು ಚಿಗುರೆಲೆ! ಕಟ್ಟಡದ ಬೆಚ್ಚನೆಯ ಹವೆಗೆ ನೈದಿಲೆ ವಸಂತ ಬಂತೆಂದು ನಂಬಿ ಎದ್ದು ಕುಳಿತಿತ್ತು. ಈಗಲೇ ಎದ್ದರೆ ಮೇ ತಿಂಗಳಿಗೆ ಏನೂ ಉಳಿಯುವುದಿಲ್ಲ. ಗಿಡಕ್ಕೆ ಜೋಗುಳ ಹಾಡುವುದು ಹೇಗೆ? ತಣ್ಣಗೆ ಮಾಡಬೇಕು! ಬಚ್ಚಲಿನ ಹೀಟರ್ ಬಂದ್ ಆಯಿತು. ಫ್ರಿಜ್ಜಿನ ಐಸೆಲ್ಲ ತೊಟ್ಟಿಗೆ ಬಿತ್ತು. ನವೆಂಬರ್ ಕೊನೆಗೆ ಹಿಮ ಬೀಳಲು ಶುರುವಾದ ಮೇಲಂತೂ ಒತಕರ್ ದಿನಾ ಬೆಳಿಗ್ಗೆ ಎರಡು ಬಕೆಟ್ ಹಿಮ ಹೊತ್ತು ಮೇಲೆ ಬರುತ್ತಿದ್ದ. ಇಡೀ ಊರು ಹಿಮವನ್ನು ಮನೆಯಿಂದ ಹೊರಗೆ ಗುಡಿಸುತ್ತಿದ್ದರೆ ಇವನೊಬ್ಬ ಒಳಗೆ ಸಾಗಿಸುತ್ತಿದ್ದ! ಮೂರನೆಯ ಮಹಡಿಯ ಅಜ್ಜಿಯೊಬ್ಬರು ಮೆಟ್ಟಿಲಲ್ಲಿ ತಡೆದು, "ಒತಕರ್, ಮನೇಲಿ ಎಲ್ಲ ಕ್ಷೇಮಾನಾ?" ಎಂದು ಮೆಲ್ಲಗೆ ಕೇಳಿದರು.

"ಆರು ಡಿಗ್ರಿ!" ಎಂದು ಅವನು ಪ್ರತಿ ರಾತ್ರಿ ಊಟಕ್ಕೆ ಕುಳಿತಾಗ ಘೋಷಿಸುತ್ತಿದ್ದ. "ಮಾವನಿಗೂ ಇಷ್ಟು ನಿಖರವಾಗಿ ಆಗ್ತಿರಲಿಲ್ಲ, ಬರೆದಿಟ್ಕೋ!" ಬ್ಲಾಂಕಾ ಏನನ್ನೂ ಬರೆದಿಟ್ಟುಕೊಳ್ಳಲಿಲ್ಲ. ಅವಳು ಕೋಟು, ಟೋಪಿ ತೊಟ್ಟು ಹಲ್ಲುಜ್ಜಲು ಹೋಗುತ್ತಿದ್ದಳು.

ಹೀಗಿರುವಾಗ ಡಿಸೆಂಬರ್ ಇಪ್ಪತ್ತೆರಡು ಬಂತು. ಬೀದಿಯ ಮೂಲೆ ಮೂಲೆಯಲ್ಲಿ ದೊಡ್ಡ ನೀಲಿ ಟಬ್ಬುಗಳು, ಅವುಗಳ ತುಂಬ ಗೆಂಡೆ ಮೀನು, ಮುಂದೆ ಉದ್ದನೆಯ ಸಾಲು. ಕ್ರಿಸ್‌ಮಸ್ ಹಿಂದಿನ ಸಂಜೆ ಗೆಂಡೆ ಮೀನು ಮತ್ತು ಆಲೂಗಡ್ಡೆ ಸಲಾಡ್ ಇಲ್ಲದಿದ್ದರೆ ಆ ಊರಿನಲ್ಲಿ ಹಬ್ಬವೇ ಆಗಲಿಲ್ಲ ಎಂದರ್ಥ. ಅತ್ತೆ ಇಪ್ಪತ್ತನಾಲ್ಕರ ಬೆಳಿಗ್ಗೆ, ಕತ್ತರಿಸಿದ ಮೀನಿನ ಜೊತೆ ಬರುವುದೆಂದು ಮಾತಾಗಿತ್ತು. ಬ್ಲಾಂಕಾ ಶಾಲೆಗೆ ಹೋಗಿದ್ದಳು, ಒತಕರ್ ರಜೆ ಹಾಕಿ ಮನೆಯಲ್ಲಿದ್ದ. ಮಧ್ಯಾಹ್ನ ಎರಡು ಗಂಟೆಗೆ ಕರೆಗಂಟೆ ಬಾರಿಸಿತು. ಬಾಗಿಲು ತೆರೆದರೆ ಅತ್ತೆ! ಕೈಯಲ್ಲಿ ಚೀಲ. ಚೀಲ ಒದ್ದಾಡುತ್ತಿತ್ತು!

"ದಾರಿ ಬಿಡು, ದಾರಿ ಬಿಡು, ಉಸಿರು ಕಟ್ಟಿ ಸಾಯುತ್ತೆ!"

"ಅತ್ತೆ, ಜೀವಂತ ಮೀನಾ? ಕತ್ತರಿಸಿದ್ದು ತರ್ತೀರಿ ಅಂತ..."

"ಕತ್ತರಿಸಿದ್ದಕ್ಕೆ ಕೆಸರಿನ ವಾಸನೆ ಕಣಪ್ಪ! ಎರಡು ದಿನ ತೊಟ್ಟೀಲಿ ಈಜಿದ್ರೇನೆ ಮೀನು ಮೀನಾಗೋದು. ನಮ್ಮನೆ ತೊಟ್ಟಿ ಕಿತ್ತು ಷವರ್ ಹಾಕಿಸಿದ್ದೀನಲ್ಲ, ನನ್ನ ಮಂಡಿಗೆ ಹತ್ತೋಕೆ ಆಗಲ್ಲ ಅಂತ. ಅದಕ್ಕೇ ಇಲ್ಲಿಗೆ ತಂದೆ. ಸರಿ ಪಕ್ಕಕ್ಕೆ!"

ಒತಕರ್ ಬಚ್ಚಲಿನ ಬಾಗಿಲಿಗೆ ಅಡ್ಡ ನಿಂತ. ಅತ್ತೆ ಅವನ ಕಂಕುಳ ಸಂದಿನಿಂದ ನುಗ್ಗಿದರು. ಒಳಗೆ ಹೋದವರು ಬೆರಗಾಗಿ ನಿಂತರು. ತೊಟ್ಟಿಯ ತುಂಬ ಕಪ್ಪು ನೀರು, ಮೇಲೆ ತೇಲುವ ಹಿಮದ ಗುಪ್ಪೆ. ಪುಣ್ಯಕ್ಕೆ ಎಲೆಗಳು ಹಿಮದಡಿ ಮರೆಯಾಗಿದ್ದವು.

"ಇದೇನು, ಆಗಲೇ ತುಂಬಿಸಿಟ್ಟಿದ್ದೀಯಾ?"

ಒತಕರ್‌ನ ನಾಲಿಗೆ ಅವನನ್ನು ಕೇಳದೆಯೇ ಹೊರಟಿತು. "ಹೌದು ಅತ್ತೆ! ಮೀನಿಗೇ! ನೀವು ಜೀವಂತಾನೇ ತರ್ತೀರಿ ಅಂತ ನನ್ನ ಮನಸ್ಸು ಹೇಳ್ತಿತ್ತು!"

"ಕೊಳದ ನೀರು!" ಅತ್ತೆ ಬೆರಳದ್ದಿ ಮೂಸಿದರು. "ಹಿಮ ಬೇರೆ ಹಾಕಿ ತಂಪು ಮಾಡಿದ್ದೀಯಾ!" ಅವರ ಕಣ್ಣು ತುಂಬಿ ಬಂತು. "ಒತಾ, ಒಂದು ಮೀನಿಗೆ ಇಷ್ಟು ಮಾಡೋನು... ಇಪ್ಪತ್ತೆರಡು ವರ್ಷ ನಿನ್ನನ್ನ ತಪ್ಪು ತಿಳ್ಕೊಂಡಿದ್ದೆ ಕಣಪ್ಪ!"

ಇಂಥ ಮಾತಿಗಾಗಿ ಅವನು ಇಪ್ಪತ್ತೆರಡು ವರ್ಷ ಕಾದಿದ್ದ. ಹೆಮ್ಮೆಯಿಂದ ಅವನ ಎದೆ ಎಷ್ಟು ಹಿಗ್ಗಿತೆಂದರೆ, ನೈದಿಲೆ ಅಲ್ಲೇ ಇದೆ ಎಂಬುದು ಅವನಿಗೇ ಒಂದು ಗಳಿಗೆ ಮರೆತುಹೋಯಿತು. ಅಷ್ಟರಲ್ಲಿ ಮೂರೂವರೆ ಕಿಲೋ ಗೆಂಡೆ ಮೀನು ದುಬುಂ ಎಂದು ಒಳಗೆ ಬಿತ್ತು.

ಗೆಂಡೆ ಮೀನಿನ ಸ್ವಭಾವ ಆ ಊರಿನ ಕೂಸಿಗೂ ಗೊತ್ತು. ತಲೆ ಕೆಳಗೆ, ಬಾಲ ಮೇಲೆ, ತಳದಲ್ಲಿ ಏನಿದ್ದರೂ ಕೆದಕಿ ಕಿತ್ತು ನೋಡದೆ ಅದಕ್ಕೆ ಸಮಾಧಾನವಿಲ್ಲ. ನೈದಿಲೆ ಇರುವ ಕೊಳಕ್ಕೆ ಬುದ್ಧಿ ಇರುವವರು ಯಾರೂ ಗೆಂಡೆ ಬಿಡುವುದಿಲ್ಲ!

ಅತ್ತೆ ಅಡುಗೆಮನೆಗೆ ಹೋಗಿ ತಂಗಿಗೆ ಫೋನು ಹಚ್ಚಿದರು. "ಅಳಿಯ ಅಂದ್ರೆ ಹೀಗಿರಬೇಕು ಕಣೇ! ನಿನ್ನ ಅಳಿಯನಿಗೆ ಮೀನಿನ ತಲೆ ಯಾವ ಕಡೆ ಅಂತಾದ್ರೂ ಗೊತ್ತಾ?" ಹೊಗಳಿಕೆ ಒಂದೊಂದು ಮಾತಿಗೂ ಏರುತ್ತಿತ್ತು. ಅದು ಏರಿದಷ್ಟೂ ನಿಜ ಹೇಳುವ ಧೈರ್ಯ ಇಳಿಯುತ್ತಿತ್ತು. ಬಚ್ಚಲಿನಿಂದ ಜಲ್ಲಿಕಲ್ಲು ಗರಗರ ಉರುಳುವ ಸದ್ದು ಬಂತು. ಒತಕರ್ ಓಡಿದ. ಮೀನು ಬುಟ್ಟಿಯೊಳಗೆ ಮೂತಿ ಹೂತು ಗಣಿಗಾರಿಕೆ ನಡೆಸಿತ್ತು. ಅಂಗಿಯ ತೋಳು ಮಡಚಿ ಅದನ್ನು ಆಚೆ ನೂಕಿದ. ಬಾಲದಿಂದ ಕೆನ್ನೆಗೊಂದು ಬಿತ್ತು. ಮಾಸಿದ ಬಟ್ಟೆಯ ಬುಟ್ಟಿಯನ್ನು ಗಿಡದ ಮೇಲೆ ಬೋರಲು ಹಾಕಿ, ಮೇಲೆ ಸೌತೆಕಾಯಿ ಉಪ್ಪಿನಕಾಯಿಯ ಎರಡು ಭರಣಿ ಹೇರಿದ. ಹತ್ತು ನಿಮಿಷಕ್ಕೆ ಭರಣಿಗಳು ತೊಟ್ಟಿಯ ತಳದಲ್ಲಿ ಉರುಳಾಡುತ್ತಿದ್ದವು.

"ಒತಾ!" ಅತ್ತೆಯ ದನಿ ಬಾಗಿಲಾಚೆಯಿಂದ. "ಒಂದು ಗಂಟೇಲಿ ಆರನೇ ಸಲ! ಹೊಟ್ಟೆ ಕೆಟ್ಟಿದೆಯಾ?"

"ಸ್ವಲ್ಪ, ಅತ್ತೆ!"

"ಜೀರಿಗೆ ಕಷಾಯ ಮಾಡ್ತೀನಿ, ಕುಡಿ!"

ಕಹಿ ಕಷಾಯ ಎರಡು ಲೋಟ ಕುಡಿದದ್ದಾಯಿತು. ನಾಲ್ಕು ಗಂಟೆಗೆ ಬ್ಲಾಂಕಾ ಬಂದವಳು ನೇರ ಬಚ್ಚಲಿಗೆ ಇಣುಕಿ, "ಒತಾ, ನೈದಿಲೆ ಮೇಲೆ ಮೀನಿದೆ" ಎಂದಳು.

"ಶ್‌ಶ್! ನಂಗೊತ್ತು! ಬಾ, ಹಿಡ್ಕೋ ಗಿಡದ ಬುಟ್ಟೀನ!"

ಇಬ್ಬರೂ ಹಿಡಿದು ಎಳೆದರು. ಬುಟ್ಟಿ ಹಗುರವಾಗಿ ಮೇಲೆ ಬಂತು. ಒಳಗೆ ಮಣ್ಣೂ ಇಲ್ಲ, ಕಲ್ಲೂ ಇಲ್ಲ, ನೈದಿಲೆಯೂ ಇಲ್ಲ! ಗೆಡ್ಡೆ ತೊಟ್ಟಿಯ ಆ ತುದಿಯಲ್ಲಿ ತೇಲುತ್ತಿತ್ತು, ಅದರ ಒಂದು ಬೇರು ಮೀನಿನ ಬಾಯಲ್ಲಿತ್ತು. "ಬಿಡೋ ಕಳ್ಳ!" ಎಂದು ಒತಕರ್ ಗೆಡ್ಡೆಯನ್ನು ಹಿಡಿದೆಳೆದ. ಮೀನೂ ಎಳೆಯಿತು. ಒದ್ದೆ ನೆಲ, ಕಾಲುಚೀಲ ಹಾಕಿದ ಕಾಲು. ಮುಂದಿನ ಕ್ಷಣ ಒತಕರ್ ಬಟ್ಟೆ ಸಮೇತ ತೊಟ್ಟಿಯೊಳಗೆ! ಆರು ಡಿಗ್ರಿ ನೀರು ಅಲೆಯೆದ್ದು ಬಾಗಿಲ ಕೆಳಗಿನಿಂದ ಹಜಾರಕ್ಕೆ ಹರಿದು ಅತ್ತೆಯ ಚಪ್ಪಲಿ ಮುಟ್ಟಿತು.

ಬಾಗಿಲು ತೆರೆಯಿತು.

ಅಳಿಯ ತೊಟ್ಟಿಯಲ್ಲಿ ಕುಳಿತಿದ್ದ. ಮಡಿಲಲ್ಲಿ ಗೆಂಡೆ ಮೀನು ಮಿಜುಗುಟ್ಟುತ್ತಿತ್ತು. ತಲೆಯ ಮೇಲೆ ಹಿಮದ ಗುಪ್ಪೆ. ಎದೆಗೆ ಕಪ್ಪಗಿನ, ಕೂದಲು ತುಂಬಿದ ಏನನ್ನೋ ಅಪ್ಪಿಕೊಂಡಿದ್ದ.

"ಅದೇನು ಅದು?" ಎಂದರು ಅತ್ತೆ.

ಇನ್ನು ಸುಳ್ಳು ಹೇಳಲು ಒತಕರ್‌ನಲ್ಲಿ ತ್ರಾಣ ಉಳಿದಿರಲಿಲ್ಲ. "ಮಾವನವರ ನೈದಿಲೆ, ಅತ್ತೆ" ಎಂದ. "ನನ್ನ ಕೊಳ ಒಂದು ಮೀಟರ್ ಇಪ್ಪತ್ತಲ್ಲ, ಐವತ್ತು ಸೆಂಟಿಮೀಟರ್. ಅಲ್ಲಿ ಬಿಟ್ರೆ ಸಾಯುತ್ತೆ ಅಂತ ಇಲ್ಲಿಗೆ ತಂದೆ. ಈ ತೊಟ್ಟಿ ಮೀನಿಗಲ್ಲ, ಇದಕ್ಕೇ ತುಂಬಿಸಿದ್ದು. ಅವರು ಮೂವತ್ತು ಚಳಿಗಾಲ ಕಾಪಾಡಿದ್ದನ್ನ ನಾನು ಒಂದೇ ಚಳಿಗಾಲಕ್ಕೆ ಹಾಳು ಮಾಡಿದೆ. ನನ್ನನ್ನ ಕ್ಷಮಿಸಿ." ಹೇಳುತ್ತ ಹೇಳುತ್ತ ನಿಜವಾಗಿಯೂ ಅವನ ಕಣ್ಣಲ್ಲಿ ನೀರು ಬಂತು. ಬ್ಲಾಂಕಾಗೂ ಅಯ್ಯೋ ಅನ್ನಿಸಿ ಅವನ ತಲೆಯ ಮೇಲಿನ ಹಿಮ ತೆಗೆದಳು.

ಅತ್ತೆ ಸ್ಟೂಲಿನ ಮೇಲೆ ಕುಳಿತು ಕೈ ಚಾಚಿದರು. ಗೆಡ್ಡೆಯನ್ನು ತೆಗೆದುಕೊಂಡು, ಅಂಗಡಿಯಲ್ಲಿ ಹೊಸ ತರಕಾರಿ ನೋಡುವವರಂತೆ ಹಿಂದೆ ಮುಂದೆ ತಿರುಗಿಸಿದರು.

"ಓಹೋ" ಎಂದರು. "ಡಿಸೆಂಬರ್‌ನಲ್ಲಿ ಇದು ಹೀಗಿರುತ್ತಾ?"

"ನೀವು ನೋಡಿಲ್ವಾ?"

"ಎಲ್ಲಿಂದ ನೋಡ್ಲಪ್ಪ? ನಮ್ಮನೇಲಿ ಒಂದೇ ಒಂದು ನೈದಿಲೇನೂ ಡಿಸೆಂಬರ್ ಕಂಡಿಲ್ಲ!"

ಮೀನು ಕೂಡ ಒಂದು ಕ್ಷಣ ಅಲುಗಾಡಲಿಲ್ಲ.

"ಅವರ ಕೊಳ ಇನ್ನೇನು, ನನ್ನ ಮೊಣಕಾಲಿಗೆ ಬರ್ತಿತ್ತು" ಎಂದರು ಅತ್ತೆ. "ಪ್ರತಿ ಚಳಿಗಾಲ ತಳದವರೆಗೆ ಗಡ್ಡೆ ಕಟ್ಟೋದು. ಮಾರ್ಚ್‌ನಲ್ಲಿ ನೋಡಿದ್ರೆ ಗೆಡ್ಡೆ ಕೊಳೆತು ಗಂಜಿ. ಮೇ ತಿಂಗಳಲ್ಲಿ ಒಂದು ದಿನ ಬೆಳಕು ಹರಿಯೋಕೆ ಮುಂಚೆ ಕೋಟಿನೊಳಗೆ ಏನೋ ಬಚ್ಚಿಟ್ಕೊಂಡು ಕೊಳದ ಹತ್ರ ಹೋಗ್ತಿದ್ರು. ನಾನು ಕಿಟಕಿಯಿಂದ ನೋಡಿ ಪರದೆ ಎಳ್ಕೊಂಡು ಮಲಗಿಬಿಡ್ತಿದ್ದೆ. ಆಮೇಲೆ ತಿಂಡಿಗೆ ಬಂದು, 'ಯಾರ್ಮಿಲಾ, ಈ ಸಲಾನೂ ಬದುಕಿದೆ ಕಣೇ!' ಅನ್ನೋರು. 'ನಿಮ್ಮ ಕೈಯೇ ಕೈ' ಅನ್ನುತ್ತಿದ್ದೆ ನಾನು. ಮೂವತ್ತು ವರ್ಷ ಹಾಗೇ ನಡೀತು. ಅದು ಗೊತ್ತಿತ್ತು ಅಂತ ಕೊನೇವರೆಗೂ ಅವರಿಗೆ ಹೇಳಲಿಲ್ಲ ನಾನು. ಅವರು ಹೋದ ಮೇಲೂ ಬಿಡಲಾರದೆ ನಾನೇ ಕೊಂಡು ತಂದು ಇಡ್ತಿದ್ದೆ, ನಿನ್ನ ಕೈಗೆ ಕೊಟ್ಟದ್ದೂ ಅಂಥದ್ದೇ." ಅವರು ಕಣ್ಣೊರೆಸಿಕೊಂಡರು. ನೋಡಿದರೆ ಅತ್ತಿರಲಿಲ್ಲ, ನಗು ತಡೆಯಲಾರದೆ ಮೈ ಕುಲುಕುತ್ತಿತ್ತು. "ನೀನೂ ಮೇ ತಿಂಗಳಲ್ಲಿ ಒಂದು ಕೊಂಡ್ಕೊಂಡು ಬರ್ತೀಯ ಅಂದ್ಕೊಂಡಿದ್ದೆ ಕಣೋ!"

ಅಷ್ಟರಲ್ಲಿ ಅತ್ತೆಯ ಕೈಯಲ್ಲಿದ್ದ ಗೆಡ್ಡೆಯ ಮೇಲೆ ಒತಕರ್‌ನ ದೃಷ್ಟಿ ಬಿತ್ತು. ಬೇರೆಲ್ಲ ಹರಿದುಹೋಗಿದ್ದರೂ ತುದಿಯಲ್ಲಿ ಒಂದು ಗುಲಾಬಿ ಮೊಳಕೆ ಚೂರೂ ಮುಕ್ಕಾಗದೆ ಕುಳಿತಿತ್ತು. ಹೋದ ಹೆಮ್ಮೆಯೆಲ್ಲ ಬಡ್ಡಿ ಸಮೇತ ವಾಪಸ್ಸು ಬಂತು. ಮೀನನ್ನು ಪಕ್ಕಕ್ಕೆ ಸರಿಸಿ ತೊಟ್ಟಿಯಲ್ಲಿ ಎದ್ದು ನಿಂತ.

"ಬದುಕಿದೆ! ನೋಡಿ, ಮೊಳಕೆ ಇದೆ! ಅಂದ್ರೆ ಈ ವಂಶದಲ್ಲಿ ಡಿಸೆಂಬರ್ ಕಂಡ ಮೊಟ್ಟಮೊದಲ ನೈದಿಲೆ ನಂದು! ಮಾವನಿಗೆ ಇಲ್ಲದ ಕೈಗುಣ ನನಗಿದೆ! ಅತ್ತೆ, ಒಪ್ಕೊಳ್ತೀರೋ ಇಲ್ವೋ?"

ಅವನ ಪ್ಯಾಂಟಿನಿಂದ ನೀರು ಧಾರಾಕಾರವಾಗಿ ಸುರಿಯುತ್ತಿತ್ತು. ಅತ್ತೆ ಮಗಳ ಕಡೆ ತಿರುಗಿದರು.

"ಎಷ್ಟು ದಿನ ಆಯ್ತೇ ಇದು ತೊಟ್ಟೀಲಿ?"

"ಒಂಬತ್ತು ವಾರ, ಅಮ್ಮ."

"ನೀನು ಸ್ನಾನ ಎಲ್ಲಿ ಮಾಡ್ತಿದ್ದೀಯಾ?"

"ಸೋಮವಾರ ಈಜುಕೊಳ, ಗುರುವಾರ ಗೆಳತಿ ಮನೆ. ಉಳಿದ ದಿನ ಅಡುಗೆಮನೇಲಿ ಬೋಗುಣಿ ಇಟ್ಕೊಂಡು."

ಅತ್ತೆ ಗೆಡ್ಡೆಯನ್ನು ಅಳಿಯನ ಕೈಗೆ ಜೋಪಾನವಾಗಿ ವಾಪಸ್ಸು ಇಟ್ಟರು.

"ಒಪ್ಕೊಂಡೆ ಕಣಪ್ಪ, ಒತಾ. ಅಲೋಯಿಸ್‌ಗೆ ಕೈಗುಣ ಇರಲಿಲ್ಲ. ಆದ್ರೆ ಮೂವತ್ತು ವರ್ಷದಲ್ಲಿ ಆ ಮನುಷ್ಯ ಒಂದು ದಿನ, ಒಂದೇ ಒಂದು ದಿನ ನನ್ನ ಸ್ನಾನ ತಪ್ಪಿಸಲಿಲ್ಲ!"